ಸಿವಿಕ್ ಆಟೋಮ್ಯಾಟಿಕ್‌ಗೆ ಸಿಂಥೆಟಿಕ್ ಗೇರ್ ಆಯಿಲ್: ನಾನು ಬದಲಾಯಿಸಿದ ಕ್ರಮ

ನಾನು ಕೆಲಸ ಮಾಡಿದ್ದು 2006ರಲ್ಲಿ ನಮ್ಮ ದೇಶಕ್ಕೆ ಬಂದ ಹೋಂಡಾ ಸಿವಿಕ್ 1.8 ಗಾಡಿಯ ಐದು ಗೇರಿನ ಆಟೋಮ್ಯಾಟಿಕ್ ಮೇಲೆ. ಈ ಗೇರ್‌ಬಾಕ್ಸಿಗೆ ಹೋಂಡಾ ಮೊದಲು ಕೊಡುತ್ತಿದ್ದದ್ದು ಝಡ್-1 ಎಂಬ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. 2011ರ ಆಸುಪಾಸಿನಲ್ಲಿ ಅದರ ಜಾಗಕ್ಕೆ ಡಿಡಬ್ಲ್ಯೂ-1 ಬಂತು. ಝಡ್-1 ಕುಡಿಯುತ್ತಿದ್ದ ಹಳೆಯ ಗೇರ್‌ಬಾಕ್ಸಿಗೂ ಡಿಡಬ್ಲ್ಯೂ-1 ಧಾರಾಳವಾಗಿ ಹಾಕಬಹುದು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪೂರ್ತಿ ಸಿಂಥೆಟಿಕ್ ಎಟಿಎಫ್ ಹಾಕಿದೆ. ಈ ಕೆಲಸದಲ್ಲಿ ಜನ ಎಡವುವುದು ಹೆಚ್ಚಾಗಿ ಎರಡೇ ಕಡೆ. ಡಬ್ಬಿಯ ಮುಂದಿರುವ ‘ಸಿಂಥೆಟಿಕ್’ ಎಂಬ ಪದ ನೋಡಿ ಹಿಂದಿರುವ ಪಟ್ಟಿಯನ್ನು ಓದದೆ ಬಿಡುತ್ತಾರೆ. ಇಲ್ಲವೇ ಎಷ್ಟು ಇಳಿಯಿತು, ಎಷ್ಟು ಹಾಕಿದೆ ಎಂದು ಅಳೆಯದೆ ಕಣ್ಣಂದಾಜಿನಲ್ಲಿ ಸುರಿಯುತ್ತಾರೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಕ್ಲಚ್ ಪೆಡಲ್ ಇಲ್ಲದ ಎಲ್ಲ ಗಾಡಿಗೂ ನಾವು ‘ಆಟೋಮ್ಯಾಟಿಕ್’ ಎಂದೇ ಅನ್ನುತ್ತೇವೆ. ಆದರೆ ಕೆಳಗೆ ಬರೆದಿರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸಿಗೆ ಮಾತ್ರ. ಎಎಂಟಿ ಅಂದರೆ ಒಳಗೆ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದಕ್ಕೆ ಬೇಕಾಗಿರುವುದು ಮ್ಯಾನ್ಯುಯಲ್ ಗೇರ್ ಆಯಿಲ್. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಪುಲ್ಲಿಯ ಮೇಲೆ ಜಾರದ ಹಾಗೆ ಹಿಡಿಯಬೇಕು, ಆದ್ದರಿಂದ ಅದರ ಆಯಿಲ್ಲೇ ಬೇರೆ. ಎಟಿಎಫ್ ಹಾಕಿದರೆ ಬೆಲ್ಟು, ಪುಲ್ಲಿ ಎರಡೂ ಹಾಳು. ಎರಡು ಕ್ಲಚ್ಚಿನ ಡಿಸಿಟಿಗೂ ಅದರದೇ ಆಯಿಲ್ ಉಂಟು. ನಿಮ್ಮದು ಯಾವುದು ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

ಹೋಂಡಾದ ಈ ಗೇರ್‌ಬಾಕ್ಸಿನ ರಚನೆ ಬೇರೆಯವರ ಹಾಗಲ್ಲ. ಬಹುಪಾಲು ಆಟೋಮ್ಯಾಟಿಕ್‌ಗಳಲ್ಲಿ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಪ್ಲಾನೆಟರಿ ಜೋಡಣೆ ಇರುತ್ತದೆ, ತಳದಲ್ಲಿ ಬಿಚ್ಚಬಹುದಾದ ಪ್ಯಾನ್ ಇರುತ್ತದೆ, ಅದರೊಳಗೆ ಫಿಲ್ಟರ್ ಇರುತ್ತದೆ. ಇದರಲ್ಲಿ ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಹಾಗೆ ಸಮಾನಾಂತರ ಶಾಫ್ಟುಗಳ ಮೇಲೆ ಓರೆಹಲ್ಲಿನ ಗೇರುಗಳು ಕೂತಿವೆ, ಅವುಗಳನ್ನು ಹಿಡಿದು ಬಿಡುವುದು ಬಹುಫಲಕದ ಕ್ಲಚ್ಚುಗಳು. ಪ್ಯಾನ್ ಇಲ್ಲ. ಒಳಗಿನ ಜಾಲರಿಯನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಿ ಎರಡು ಹೋಳು ಮಾಡಬೇಕು. ಹೀಗಾಗಿ ಆಯಿಲ್ ಬದಲಾಯಿಸುವುದೊಂದೇ ನಮ್ಮ ಕೈಲಿರುವ ಆರೈಕೆ. ಅಲ್ಲದೆ ಒಂದೇ ಆಯಿಲ್ ಇಲ್ಲಿ ನಾಲ್ಕು ಕೆಲಸ ಮಾಡಬೇಕು: ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವುದು, ಸೊಲೆನಾಯ್ಡುಗಳ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವುಗಳ) ಮೂಲಕ ಒತ್ತಡ ಕೊಟ್ಟು ಕ್ಲಚ್ಚುಗಳನ್ನು ಹಿಡಿಸುವುದು, ಗೇರ್ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದು, ಬಿಸಿಯನ್ನು ಹೊತ್ತೊಯ್ಯುವುದು.

ಮಿನರಲ್ ಆಯಿಲ್ ಸೋಲುವುದು ಮೂರನೆಯ ಕೆಲಸದಲ್ಲಿ. ತೆಳುವಾದ ಆಯಿಲ್ ಬಿಸಿಯಲ್ಲೂ ಗಟ್ಟಿತನ ಉಳಿಸಿಕೊಳ್ಳಲಿ ಎಂದು ಅದಕ್ಕೆ ಉದ್ದುದ್ದ ಪಾಲಿಮರ್ ಸರಪಳಿಗಳನ್ನು ಬೆರೆಸಿರುತ್ತಾರೆ. ಗೇರ್ ಹಲ್ಲುಗಳ ನಡುವೆ ಸಿಕ್ಕು ಆ ಸರಪಳಿಗಳು ತುಂಡಾಗುತ್ತವೆ, ಆಯಿಲ್ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತದೆ. ಇದರ ಮೇಲೆ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ತೆವಳುತ್ತ ಹೋಗುವಾಗ ಕನ್ವರ್ಟರ್ ಲಾಕ್ ಆಗುವುದೇ ಇಲ್ಲ, ಅಂದರೆ ಅದರೊಳಗಿನ ಲಾಕ್-ಅಪ್ ಕ್ಲಚ್ ಹಿಡಿದು ಜಾರುವಿಕೆಯನ್ನು ನಿಲ್ಲಿಸುವುದಿಲ್ಲ. ಜಾರುತ್ತಲೇ ಇರುವ ಕನ್ವರ್ಟರಿನಲ್ಲಿ ಪೋಲಾಗುವ ಶಕ್ತಿಯೆಲ್ಲ ಶಾಖವಾಗಿ ಆಯಿಲ್‌ಗೆ ಸೇರುತ್ತದೆ. ಆಯಿಲ್‌ನ ಬಿಸಿ ಹತ್ತು ಡಿಗ್ರಿ ಏರಿದರೆ ಅದು ಕೆಡುವ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಸಿಂಥೆಟಿಕ್ ತಳದ ಆಯಿಲ್ (ರಾಸಾಯನಿಕಗಳನ್ನು ಬೆರೆಸುವ ಮೊದಲಿನ ಮೂಲ ಎಣ್ಣೆ) ಬಿಸಿಗೂ ತಂಪಿಗೂ ತಾನಾಗಿಯೇ ಕಡಿಮೆ ಬದಲಾಗುತ್ತದೆ. ಪಾಲಿಮರ್ ಕಡಿಮೆ ಸಾಕು, ಆದ್ದರಿಂದ ತುಂಡಾಗುವುದೂ ಕಡಿಮೆ. ಹೆದ್ದಾರಿಯಲ್ಲಷ್ಟೇ ಓಡುವ ಗಾಡಿಗೆ ಇದರಿಂದ ಅಂಥ ವ್ಯತ್ಯಾಸವೇನೂ ಆಗದು. ಊರೊಳಗಿನ ದಟ್ಟಣೆಯಲ್ಲೇ ಆಯುಷ್ಯ ಕಳೆಯುವ ಗಾಡಿಗೆ ಆಗುತ್ತದೆ.

ಡಬ್ಬಿ ಆರಿಸುವುದು

‘ಸಿಂಥೆಟಿಕ್’ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ತಳದ ಆಯಿಲ್‌ಗಳನ್ನು ಐದು ಗುಂಪಾಗಿ ವಿಂಗಡಿಸುತ್ತಾರೆ. ಒಂದು ಮತ್ತು ಎರಡನೆಯ ಗುಂಪು ಮಿನರಲ್. ಮೂರನೆಯದು ಕಚ್ಚಾತೈಲದಿಂದಲೇ ಬಂದರೂ ಹೈಡ್ರೋಜನ್ ಒತ್ತಡದಲ್ಲಿ ತೀರ ಶುದ್ಧಗೊಳಿಸಿದ್ದು. ನಾಲ್ಕನೆಯದು ಪಿಎಒ (ಪಾಲಿಆಲ್ಫಾಒಲೆಫಿನ್), ಅಣುಗಳನ್ನು ಜೋಡಿಸಿಯೇ ಕಟ್ಟಿದ್ದು. ಎಸ್ಟರ್ ಮೊದಲಾದ ಉಳಿದವೆಲ್ಲ ಐದನೆಯದಕ್ಕೆ ಸೇರುತ್ತವೆ. ಮೂರನೆಯ ಗುಂಪನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ದೊಡ್ಡ ವ್ಯಾಜ್ಯವೇ ನಡೆದು, 1999ರಲ್ಲಿ ಜಾಹೀರಾತುಗಳ ಮೇಲೆ ನಿಗಾ ಇಡುವ ಅಲ್ಲಿನ ಸಂಸ್ಥೆ ಮಾರಬಹುದು ಎಂದಿತು. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಸಿಂಥೆಟಿಕ್ ಎಟಿಎಫ್ ಮೂರನೆಯ ಗುಂಪಿನವೇ. ಅದರಲ್ಲಿ ತಪ್ಪೇನೂ ಇಲ್ಲ, ಈ ಕೆಲಸಕ್ಕೆ ಅದು ಸಾಕು.

ಗೇರ್‌ಬಾಕ್ಸಿಗೆ ತಳದ ಆಯಿಲ್‌ಗಿಂತ ಮುಖ್ಯವಾದದ್ದು ಘರ್ಷಣೆಯ ಗುಣ. ಕ್ಲಚ್ ಫಲಕಗಳು ಒಂದನ್ನೊಂದು ಹಿಡಿಯುವಾಗ ಎಷ್ಟು ಜಾರಬೇಕು, ಹಿಡಿದ ಮೇಲೆ ಎಷ್ಟು ಬಿಗಿಯಾಗಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಆಯಿಲ್‌ನಲ್ಲಿ ಬೆರೆಸಿರುವ ರಾಸಾಯನಿಕಗಳು. ಅವು ಹೊಂದದಿದ್ದರೆ ಎಷ್ಟೇ ದುಬಾರಿ ಪಿಎಒ ಹಾಕಿದರೂ ಗಾಡಿ ಅದುರುತ್ತದೆ, ಇಲ್ಲವೇ ಗೇರು ಧಡ್ ಎಂದು ಬೀಳುತ್ತದೆ. ಡೆಕ್ಸ್ರಾನ್-6 ಅಂತ ಬರೆದಿರುವ ಒಳ್ಳೆಯ ಸಿಂಥೆಟಿಕ್ ಸುಲಭವಾಗಿ ಸಿಗುತ್ತದೆ. ಆದರೆ ಅದು ಜನರಲ್ ಮೋಟಾರ್ಸಿನ ಅಳತೆಗೋಲು, ಹೋಂಡಾದ್ದಲ್ಲ. ಡೆಕ್ಸ್ರಾನ್-6 ಒಂದನ್ನೇ ಬರೆದಿರುವ ಡಬ್ಬಿಯನ್ನು ನಾನು ಸಿವಿಕ್‌ಗೆ ಹಾಕುವುದಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಹೋಂಡಾ ಝಡ್-1 ಮತ್ತು ಡಿಡಬ್ಲ್ಯೂ-1 ಎರಡೂ ಇರಲೇಬೇಕು. ನಾನು ಹಾಕಿದ್ದು ಮೋಟುಲ್ ಮಲ್ಟಿ ಎಟಿಎಫ್. ಅಂಥದ್ದು ಸಿಗದಿದ್ದರೆ ಹೋಂಡಾದ ಡಿಡಬ್ಲ್ಯೂ-1 ತೆಗೆದುಕೊಂಡು ನೆಮ್ಮದಿಯಿಂದಿರಿ. ಹೊಂದಿಕೆ ಅನುಮಾನವಿರುವ ಸಿಂಥೆಟಿಕ್‌ಗಿಂತ ಅದು ಎಷ್ಟೋ ಮೇಲು.

ಬೋಲ್ಟ್ ಮುಟ್ಟುವ ಮೊದಲು

ಆಯಿಲ್ ಬದಲಾಯಿಸಿದರೆ ಗೇರ್‌ಬಾಕ್ಸ್ ರಿಪೇರಿಯಾಗುತ್ತದೆ ಎಂದುಕೊಳ್ಳಬೇಡಿ. ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮೇಲೇರಿ ಗಾಡಿ ಮುಂದೆ ಹೋಗದಿದ್ದರೆ, ರಿವರ್ಸ್ ಹಿಡಿಯಲು ಎರಡು ಮೂರು ಸೆಕೆಂಡ್ ತಡವಾದರೆ, ಮೀಟರಿನಲ್ಲಿ ‘ಡಿ’ ದೀಪ ಮಿಣುಕುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ನೋಡಿ. ‘ಹೊಸ ಆಯಿಲ್ ಹಾಕಿದ ಮೇಲೆಯೇ ಗೇರ್‌ಬಾಕ್ಸ್ ಹೋಯಿತು’ ಎಂಬ ದೂರು ಹುಟ್ಟುವುದು ಬಹುಮಟ್ಟಿಗೆ ಇಂಥ ಗಾಡಿಗಳಿಂದ. ಅವುಗಳಲ್ಲಿ ಕ್ಲಚ್ ಫಲಕದ ಪುಡಿ ಆಗಲೇ ಆಯಿಲ್‌ನಲ್ಲಿ ತೇಲುತ್ತಿರುತ್ತದೆ, ಫಲಕದ ಮೇಲೆ ಹಿಡಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಕಾಗದದ ಮೇಲೆ ಎರಡು ಹನಿ ಬಿಡಿ. ಐದು ನಿಮಿಷ ಹಾಗೇ ಬಿಟ್ಟು ನೋಡಿ. ಆಯಿಲ್ ವೃತ್ತವಾಗಿ ಹರಡುತ್ತದೆ. ಅಂಚಿನವರೆಗೂ ಒಂದೇ ಬಣ್ಣ, ಮಾಸಿದ ಕೆಂಪು ಅಥವಾ ತಿಳಿಕಂದು ಇದ್ದರೆ ವಯಸ್ಸಾಗಿದೆ ಅಷ್ಟೇ. ನಡುವೆ ಕಪ್ಪು ಚುಕ್ಕೆ ಉಳಿದು ಸುತ್ತ ತೆಳುವಾದ ಎಣ್ಣೆಯ ಉಂಗುರ ಮೂಡಿದರೆ ಅದು ತೇಲುತ್ತಿದ್ದ ಪುಡಿ. ಜೊತೆಗೆ ಸುಟ್ಟ ವಾಸನೆಯೂ ಬಂದರೆ ಕ್ಲಚ್ಚುಗಳು ತುಂಬ ಬಿಸಿಯಾಗಿವೆ. ಗುಲಾಬಿ ಬಣ್ಣದ ಹಾಲಿನ ಹಾಗೆ ಕಂಡರೆ ಕೂಲಂಟ್ ಆಯಿಲ್‌ಗೆ ಸೇರಿದೆ ಎಂದರ್ಥ. ಆಗ ಸೋರುವ ಕೂಲರನ್ನು ಸರಿಪಡಿಸದೆ ಆಯಿಲ್ ಸುರಿಯುವುದು ಪೂರ್ತಿ ದಂಡ, ಯಾಕೆಂದರೆ ನೀರು ಕ್ಲಚ್ ಫಲಕದ ಅಂಟನ್ನೇ ಬಿಡಿಸಿಬಿಡುತ್ತದೆ.

ಅದುರುವಿಕೆ ಇದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ಮೊದಲೇ ತಿಳಿದುಕೊಳ್ಳುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಅರವತ್ತು ಎಪ್ಪತ್ತರ ವೇಗದಲ್ಲಿ ಹಗುರ ಆಕ್ಸಿಲರೇಟರಿನಲ್ಲಿ ಹೋಗುವಾಗ, ರಂಬಲ್ ಸ್ಟ್ರಿಪ್ ದಾಟಿದ ಹಾಗೆ ಒಂದೆರಡು ಸೆಕೆಂಡ್ ನಡುಗಿದರೆ, ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ ಮುಟ್ಟಿದ ತಕ್ಷಣ ಕನ್ವರ್ಟರಿನ ಲಾಕ್ ಬಿಡುತ್ತದೆ. ನಡುಕ ಆ ಕ್ಷಣವೇ ನಿಂತರೆ ಲಾಕ್-ಅಪ್ ಕ್ಲಚ್ಚಿನ ಕಡೆಯದು, ಹೊಸ ಆಯಿಲ್‌ನಿಂದ ಗುಣ ಕಾಣುವ ಸಾಧ್ಯತೆ ಇದೆ. ನಿಲ್ಲದಿದ್ದರೆ ಎಂಜಿನ್ ಮೌಂಟ್, ಸ್ಪಾರ್ಕ್ ಪ್ಲಗ್, ಡ್ರೈವ್‌ಶಾಫ್ಟ್ ಕಡೆ ಹುಡುಕಿ. ಹಿಂದೆ ಗಾಡಿ ಇಲ್ಲದ ಖಾಲಿ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಿ.

ಕೊನೆಯದಾಗಿ ಆಯಿಲ್ ಮಟ್ಟ. ಇಳಿಸುವ ಮೊದಲೇ ಮಟ್ಟ ಸರಿಯಾಗಿದೆಯೇ ಎಂದು ನೋಡಲೇಬೇಕು. ‘ಇಳಿದಷ್ಟೇ ಹಾಕು’ ಎಂಬ ಸೂತ್ರ ನಿಂತಿರುವುದೇ ಅದರ ಮೇಲೆ. ಮೊದಲೇ ಅರ್ಧ ಲೀಟರ್ ಕಡಿಮೆಯಿದ್ದರೆ ಆ ಕೊರತೆಯನ್ನು ನೀವು ಹಾಗೇ ಮುಂದುವರಿಸುತ್ತೀರಿ. ಕಡಿಮೆಯಿದ್ದರೆ ಎಲ್ಲೋ ಸೋರುತ್ತಿದೆ: ಡ್ರೈವ್‌ಶಾಫ್ಟ್ ಹೊಕ್ಕುವ ಜಾಗದ ಸೀಲ್, ಕೂಲರ್ ಹೋಸಿನ ಕ್ಲಿಪ್ಪು, ಸೊಲೆನಾಯ್ಡಿನ ಗ್ಯಾಸ್ಕೆಟ್, ಈ ಮೂರನ್ನು ಟಾರ್ಚ್ ಹಾಕಿ ನೋಡಿ. ಸಿಂಥೆಟಿಕ್ ಹಾಕಿದರೆ ಸೀಲು ಸೋರುತ್ತದೆ ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಬರಿಯ ಪಿಎಒ ರಬ್ಬರನ್ನು ತುಸು ಕುಗ್ಗಿಸುತ್ತದೆ, ನಿಜ. ಅದಕ್ಕೆಂದೇ ತಯಾರಕರು ರಬ್ಬರನ್ನು ಉಬ್ಬಿಸುವ ಎಸ್ಟರ್‌ನಂಥದ್ದನ್ನು ಬೆರೆಸಿ ಸರಿದೂಗಿಸಿರುತ್ತಾರೆ. ವರ್ಷಾನುಗಟ್ಟಲೆ ಬಿಸಿ ತಿಂದು ಗಟ್ಟಿಯಾದ ಸೀಲು ಯಾವ ಆಯಿಲ್ ಹಾಕಿದರೂ ಸೋರುತ್ತದೆ. ಮೊದಲೇ ಒದ್ದೆಯಿದ್ದ ಸೀಲನ್ನು ಬದಲಾಯಿಸಿಯೇ ಮುಂದುವರಿಯಿರಿ.

ಇಳಿಸುವುದು

ನಾನು ತೆಗೆದುಕೊಂಡದ್ದು ಎಂಟು ಲೀಟರ್ ಎಟಿಎಫ್, ಒಂದೊಂದು ಲೀಟರಿನ ಎಂಟು ಡಬ್ಬಿ. ಸಲಕ್ಕೊಂದರಂತೆ ಮೂರು ಹೊಸ ಡ್ರೈನ್ ವಾಷರ್ (18 ಎಂಎಂ ಅಲ್ಯೂಮಿನಿಯಂ, ಹೋಂಡಾ ನಂಬರ್ 90471-ಪಿಎಕ್ಸ್4-000). ಎಂಟನೇ ಮೂರು (3/8) ಇಂಚಿನ ಚೌಕ ತಲೆಯ ರ‍್ಯಾಚೆಟ್ಟು ಮತ್ತು ಟಾರ್ಕ್ ರೆಂಚು. ಗೆರೆಯಿರುವ ಎರಡು ಲೀಟರಿನ ಅಳತೆ ಜಾಡಿ, ಐದು ಲೀಟರಿನ ಅಗಲ ಟ್ರೇ, ಸಣ್ಣ ಕೊಳವೆ ಸಿಕ್ಕಿಸಿದ ಉದ್ದ ಆಲಿಕೆ. ಒರೆಸಲು ಎಳೆ ಬಿಡದ ಬಟ್ಟೆ. ಗ್ಯಾರೇಜುಗಳಲ್ಲಿ ಸಿಗುವ ನೂಲಿನ ವೇಸ್ಟು ಈ ಕೆಲಸಕ್ಕೆ ಬೇಡವೇ ಬೇಡ. ಅದರ ಒಂದು ಎಳೆ ಒಳಗೆ ಹೋಗಿ ಸೊಲೆನಾಯ್ಡಿನ ಸಣ್ಣ ಜಾಲರಿಗೆ ಸಿಕ್ಕಿಕೊಂಡರೆ ಗೇರು ಬೀಳುವುದೇ ತಡವಾಗುತ್ತದೆ.

ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲಿ. ಕೈ ಸುಡುವಷ್ಟು ಬೇಡ. ಪಿಟ್ ಅಥವಾ ರ‍್ಯಾಂಪ್ ಸಿಕ್ಕರೆ ಅದೇ ಒಳ್ಳೆಯದು. ಜಾಕಿನಲ್ಲಿ ಎತ್ತುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಎರಡೂ ಕಡೆ ಸ್ಟ್ಯಾಂಡ್ ನಿಲ್ಲಿಸಿ. ‘ಪಿ’ ಗೇರು ಹಿಡಿಯುವುದು ಮುಂದಿನ ಚಕ್ರಗಳನ್ನು, ಮತ್ತು ಈಗ ಗಾಳಿಯಲ್ಲಿರುವುದು ಅವೇ. ಆದ್ದರಿಂದ ಗಾಡಿಯನ್ನು ತಡೆದು ನಿಲ್ಲಿಸುವುದು ಹ್ಯಾಂಡ್‌ಬ್ರೇಕ್ ಮತ್ತು ಕಲ್ಲು ಮಾತ್ರ. ಬರೀ ಜಾಕಿನ ಭರವಸೆಯಲ್ಲಿ ಕೆಳಗೆ ನುಸುಳಬೇಡಿ.

ಗೇರ್‌ಬಾಕ್ಸ್ ಇರುವುದು ಗಾಡಿಯ ಎಡಗಡೆ. ತಳದ ಪ್ಲಾಸ್ಟಿಕ್ ಕವರಿನ ಕ್ಲಿಪ್ಪು ತೆಗೆದರೆ ಡ್ರೈನ್ ಬೋಲ್ಟ್ ಕೈಗೆ ಸಿಗುತ್ತದೆ. ಅದರ ಗುರುತು ತಲೆಯಲ್ಲಿರುವ ಚೌಕಾಕಾರದ ಕುಳಿ. ರ‍್ಯಾಚೆಟ್ಟಿನ ತಲೆ ಸಾಕೆಟ್ ಇಲ್ಲದೆ ನೇರವಾಗಿ ಅದರೊಳಗೆ ಕೂರುತ್ತದೆ. ಎಂಜಿನ್ ಆಯಿಲ್‌ನ ಬೋಲ್ಟಿಗೆ 17 ಎಂಎಂ ಆರುಮೂಲೆಯ ತಲೆ. ಈ ಎರಡನ್ನೂ ಅದಲುಬದಲು ಮಾಡುವುದು ಹೋಂಡಾ ಗಾಡಿಗಳಲ್ಲಿ ಮಾಮೂಲಿ ಅನಾಹುತ. ಎಂಜಿನ್ ಆಯಿಲ್ ಬದಲಾಯಿಸಲು ಹೋಗಿ ಎಟಿಎಫ್ ಇಳಿಸಿ, ಆಮೇಲೆ ಎಂಜಿನ್ನಿಗೆ ಹೊಸ ಆಯಿಲ್ ಸುರಿದರೆ ಎಂಜಿನ್ನಿನಲ್ಲಿ ಎರಡರಷ್ಟು ಆಯಿಲ್, ಗೇರ್‌ಬಾಕ್ಸ್ ಅರೆಖಾಲಿ. ಚೌಕ ಕುಳಿಗೆ ಅಲೆನ್ ಕೀ ತುರುಕಿ ತಿರುಗಿಸಿದರೆ ಮೂಲೆಗಳು ಸವೆದು ಬೋಲ್ಟ್ ಅಲ್ಲೇ ಕೂತುಬಿಡುತ್ತದೆ.

ಬೋಲ್ಟ್ ಬಿಚ್ಚುವ ಮೊದಲು ಡಿಪ್‌ಸ್ಟಿಕ್ಕಿನ ಸುತ್ತಲಿನ ಧೂಳನ್ನು ಒರೆಸಿ ಅದನ್ನು ಎಳೆದಿಡಿ. ತುಂಬುವ ದಾರಿ ತೆರೆದಿದೆ ಎಂದು ಖಾತ್ರಿಯಾದ ಮೇಲೆಯೇ ಖಾಲಿ ಮಾಡಬೇಕು. ಗಾಳಿ ಆಡುವುದರಿಂದ ಆಯಿಲ್ ಸಲೀಸಾಗಿ ಇಳಿಯುತ್ತದೆ. ಮೊದಲ ಧಾರೆ ಜೋರಾಗಿ ಚಿಮ್ಮುತ್ತದೆ, ಟ್ರೇಯನ್ನು ಬೋಲ್ಟಿನ ನೇರ ಕೆಳಗಿಡದೆ ಒಂದು ಗೇಣು ಆಚೆಗಿಡಿ. ಧಾರೆ ಸಣ್ಣಗಾದಂತೆ ಟ್ರೇಯನ್ನು ಹತ್ತಿರ ತನ್ನಿ. ಕಾಲು ಗಂಟೆ ಬಿಟ್ಟರೆ ಹನಿಯಾಗಿ ನಿಲ್ಲುತ್ತದೆ.

ಆ ಕಾಲು ಗಂಟೆಯಲ್ಲಿ ಬೋಲ್ಟಿನ ತುದಿ ನೋಡಿ. ಅಲ್ಲೊಂದು ಅಯಸ್ಕಾಂತವಿದೆ. ಮೊದಲ ಸಲ ಬಿಚ್ಚಿದಾಗ ಅದರ ಮೇಲೆ ಬೂದು ಬಣ್ಣದ ಕೆಸರು ಮುಳ್ಳುಮುಳ್ಳಾಗಿ ಎದ್ದು ನಿಂತಿತ್ತು. ಬೆರಳಲ್ಲಿ ಉಜ್ಜಿದರೆ ಕಣ್ಣಿನ ಕಾಡಿಗೆಯಷ್ಟು ನಯ, ಎಲ್ಲೂ ಚುಚ್ಚಲಿಲ್ಲ. ಅದು ಗೇರು ಮತ್ತು ಉಕ್ಕಿನ ಫಲಕಗಳ ಸಹಜ ಸವೆತ, ಹೆದರಬೇಕಾದ್ದಿಲ್ಲ. ಬೆರಳಿಗೆ ಸೂಜಿಯಂಥ ಚೂರು, ಹೊಳೆಯುವ ಹಾಳೆಯ ತುಣುಕು ಸಿಕ್ಕರೆ ಒಳಗೆ ಬೇರಿಂಗೋ ಗೇರಿನ ಹಲ್ಲೋ ಮುರಿಯುತ್ತಿದೆ. ಅಲ್ಲಿಗೆ ನಿಲ್ಲಿಸಿ, ಇದ್ದ ಆಯಿಲ್ಲನ್ನೇ ತುಂಬಿ ಗೇರ್‌ಬಾಕ್ಸ್ ಬಿಚ್ಚುವವರ ಬಳಿಗೆ ಒಯ್ಯುವುದೇ ಸರಿ. ಎರಡನೆಯ ಸಲ ಕೆಸರು ಅರ್ಧಕ್ಕಿಂತ ಕಡಿಮೆಯಿತ್ತು, ಮೂರನೆಯ ಸಲ ತೆಳುವಾದ ಲೇಪ ಅಷ್ಟೇ.

ಇಳಿದ ಆಯಿಲ್ಲನ್ನು ಜಾಡಿಯಲ್ಲಿ ಅಳೆಯಿರಿ. ಸಿವಿಕ್‌ನಲ್ಲಿ ಸುಮಾರು 2.4 ಲೀಟರ್ ಬರುತ್ತದೆ. ಬಿಸಿ ಆಯಿಲ್ ಹಿಗ್ಗಿರುತ್ತದೆ ಎಂಬುದು ಲೆಕ್ಕದಲ್ಲಿರಲಿ. ಅರವತ್ತು ಡಿಗ್ರಿಯಲ್ಲಿ ಅಳೆದ 2.4 ಲೀಟರ್, ಇಪ್ಪತ್ತೈದಕ್ಕೆ ತಣಿದಾಗ ಸುಮಾರು 60 ಮಿಲಿಲೀಟರ್ ಕಡಿಮೆಯಾಗುತ್ತದೆ. ಆದ್ದರಿಂದ ಜಾಡಿಯನ್ನು ತಣಿಯಲು ಬಿಟ್ಟು ಅಳೆಯುವುದು ಮೇಲು.

ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಿ. ಬಿಗಿ 49 ನ್ಯೂಟನ್ ಮೀಟರ್. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಉದ್ದ ಪೈಪ್ ಹಾಕಿ ಜೋರು ತೋರಿಸಿದರೆ ಕವಚದ ಥ್ರೆಡ್ಡೇ ಕಿತ್ತು ಬರುತ್ತದೆ. ಹಳೆಯ ವಾಷರ್ ಅನ್ನೇ ಹಾಕಿದವರು ಸಾಮಾನ್ಯವಾಗಿ ಆಮೇಲೆ ಸೋರಿತೆಂದು ಇನ್ನಷ್ಟು ಬಿಗಿದು ಥ್ರೆಡ್ ಕಳೆಯುತ್ತಾರೆ. ಬಳೆಯಂಥ ಒಂದು ಸಣ್ಣ ಸಾಮಾನಿಗಾಗಿ ಆ ಗೋಳು ಬೇಡ.

ತುಂಬುವುದು, ಮಟ್ಟ ನೋಡುವುದು

ಡಿಪ್‌ಸ್ಟಿಕ್ಕಿನ ತೂತು ಸಣ್ಣದು. ಆಲಿಕೆಯ ಕೊಳವೆ ತೂತನ್ನು ಪೂರ್ತಿ ಮುಚ್ಚಿದರೆ ಗಾಳಿ ಹೊರಬರಲಾರದೆ ಆಯಿಲ್ ಗುಳುಗುಳು ಎಂದು ಮೇಲುಕ್ಕುತ್ತದೆ. ತೂತಿಗಿಂತ ತುಸು ತೆಳುವಾದ ಕೊಳವೆ ಹಾಕಿ, ನಿಧಾನವಾಗಿ ಸುರಿಯಿರಿ. ಇಳಿದದ್ದು 2.4 ಇದ್ದರೆ ನಾನು ಮೊದಲು 2.2 ಹಾಕಿ ನಿಲ್ಲಿಸುತ್ತೇನೆ. ಕಡಿಮೆಯಾದದ್ದನ್ನು ಸೇರಿಸುವುದು ಒಂದು ನಿಮಿಷದ ಕೆಲಸ, ಹೆಚ್ಚಾದದ್ದನ್ನು ತೆಗೆಯುವುದು ಅಷ್ಟು ಸುಲಭವಲ್ಲ.

ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು, ಲಿವರನ್ನು ‘ಪಿ’ಯಿಂದ ಕೆಳಗಿನವರೆಗೂ ಪ್ರತಿ ಜಾಗದಲ್ಲಿ ಮೂರು ನಾಲ್ಕು ಸೆಕೆಂಡ್ ನಿಲ್ಲಿಸುತ್ತ ಹೋಗಿ ಮರಳಿ ‘ಪಿ’ಗೆ ತನ್ನಿ. ಪ್ರತಿ ಕ್ಲಚ್ಚಿನ ದಾರಿಗೂ ಹೊಸ ಆಯಿಲ್ ತಲುಪಲಿ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬೆಂಗಳೂರಿನ ಎಷ್ಟೋ ಮನೆಗಳ ಮುಂದಿನ ಇಳಿಜಾರು ಇದಕ್ಕೆ ಆಗದು. ರೇಡಿಯೇಟರ್ ಫ್ಯಾನು ತಿರುಗಿ ನಿಲ್ಲುವವರೆಗೆ ಎಂಜಿನ್ ಬಿಸಿಯಾಗಲಿ.

ಈಗ ಬರುವುದು ಬೇರೆ ಕಂಪನಿಯ ಗಾಡಿ ನೋಡಿದವರು ತಪ್ಪುವ ಜಾಗ. ಬಹಳಷ್ಟು ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗ ಮಟ್ಟ ನೋಡಬೇಕು. ಹೋಂಡಾದಲ್ಲಿ ಎಂಜಿನ್ ಆರಿಸಿ, ಅರವತ್ತು ಸೆಕೆಂಡ್ ಆದ ಮೇಲೆ, ತೊಂಬತ್ತು ಸೆಕೆಂಡ್ ಆಗುವುದರೊಳಗೆ ನೋಡಬೇಕು. ಬೇಗ ನೋಡಿದರೆ ಮೇಲಿನ ಆಯಿಲ್ ಇನ್ನೂ ಕೆಳಗಿಳಿದಿರುವುದಿಲ್ಲ. ತಡ ಮಾಡಿದರೆ ಕನ್ವರ್ಟರಿನಲ್ಲಿದ್ದದ್ದು ಜಿನುಗಿ ಬಂದು ಮಟ್ಟ ಹೆಚ್ಚು ತೋರಿಸುತ್ತದೆ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಕಡ್ಡಿಯ ಮೇಲೆ ಗೆರೆ ಕಾಣಿಸುವುದೇ ಕಷ್ಟ. ಈಗಷ್ಟೇ ಸುರಿದ ಕೊಳವೆಯ ಗೋಡೆ ಒದ್ದೆಯಿರುವುದರಿಂದ ಕಡ್ಡಿಯ ಒಂದು ಬದಿಗೆ ಹೆಚ್ಚು ಮೆತ್ತಿಕೊಳ್ಳುತ್ತದೆ. ಒರೆಸಿ, ಪೂರ್ತಿ ಅದ್ದಿ, ಎಳೆದು, ಎರಡೂ ಬದಿ ನೋಡಿ ಕಡಿಮೆ ತೋರಿಸುವ ಬದಿಯನ್ನು ನಂಬಿ. ಮೇಲಿನ ಗುರುತು ಮತ್ತು ಕೆಳಗಿನ ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರ ಬರುವವರೆಗೆ 100 ಮಿಲಿಲೀಟರಿನಂತೆ ಸೇರಿಸುತ್ತ ಹೋಗಿ. ಪ್ರತಿ ಸಲವೂ ಮತ್ತೆ ಎಂಜಿನ್ ಓಡಿಸಿ, ಆರಿಸಿ, ಟೈಮರ್ ಇಟ್ಟೇ ನೋಡಬೇಕು.

ಮಟ್ಟ ಮೇಲಿನ ಗುರುತು ದಾಟಿದರೆ ತಿರುಗುವ ಗೇರುಗಳು ಆಯಿಲ್ಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ. ನೊರೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಕ್ಲಚ್ಚಿಗೆ ಒತ್ತಡ ಸಿಗುವುದಿಲ್ಲ, ಗಾಳಿತೂತಿನಿಂದ ಆಯಿಲ್ ಹೊರಗೂ ಉಕ್ಕುತ್ತದೆ. ಕೆಳಗಿನ ಗುರುತಿಗಿಂತ ಇಳಿದರೆ ಏರಿನಲ್ಲಿ, ತಿರುವಿನಲ್ಲಿ ಪಂಪು ಗಾಳಿ ಎಳೆದು ಕೊರಗುವ ಸದ್ದು ಮಾಡುತ್ತದೆ. ವಿಚಿತ್ರವೆಂದರೆ ಎರಡರಲ್ಲೂ ಗಾಡಿ ಒಂದೇ ರೀತಿ ಜಾರುತ್ತದೆ. ಲಕ್ಷಣ ನೋಡಿ ಊಹಿಸುವ ಬದಲು ಕಡ್ಡಿ ನೋಡಿ.

ಮೂರು ಸಲ ಯಾಕೆ

ಗೇರ್‌ಬಾಕ್ಸ್, ಕನ್ವರ್ಟರ್, ಕೂಲರ್ ಎಲ್ಲ ಸೇರಿ ಸುಮಾರು ಆರು ಲೀಟರ್ ಹಿಡಿಯುತ್ತದೆ. ಇಳಿಯುವುದು 2.4 ಮಾತ್ರ, ಉಳಿದದ್ದು ಕನ್ವರ್ಟರಿನಲ್ಲೂ ಕೂಲರ್ ದಾರಿಯಲ್ಲೂ ಉಳಿಯುತ್ತದೆ. ಅಂದರೆ ಒಂದು ಸಲಕ್ಕೆ ಹೊಸದು ನೂರಕ್ಕೆ 40. ಎರಡನೆಯ ಸಲಕ್ಕೆ 64, ಮೂರನೆಯದಕ್ಕೆ 78, ನಾಲ್ಕನೆಯದಕ್ಕೆ 87. ಮೂರರ ನಂತರ ಪ್ರತಿ 2.4 ಲೀಟರಿಗೆ ಸಿಗುವ ಲಾಭ ಇಳಿಯುತ್ತ ಹೋಗುವುದರಿಂದ ನಾನು ಅಲ್ಲಿಗೆ ನಿಲ್ಲಿಸಿದೆ. ಉಳಿದ ಐದನೇ ಒಂದು ಪಾಲು ಹಳೆಯ ಆಯಿಲ್ ಹೊಸದರ ಜೊತೆ ಬೆರೆತರೆ ತೊಂದರೆಯಿಲ್ಲ. ಎರಡೂ ಒಂದೇ ಅಳತೆಗೋಲಿನವು. ಆದರೆ ಮೂರೂ ಸಲ ಒಂದೇ ಕಂಪನಿಯ ಒಂದೇ ಆಯಿಲ್ ಹಾಕಿ.

ನಡುನಡುವೆ ಓಡಿಸಬೇಕಾದ್ದು ಕನ್ವರ್ಟರಿನ ಹಳೆಯ ಆಯಿಲ್ ಬೆರೆತು ಹೊರಬರಲೆಂದು. ಮನೆಯ ಸುತ್ತ ಎರಡು ಸುತ್ತು ಸಾಲದು. ನೈಸ್ ರಸ್ತೆಯಂಥ ಕಡೆ ಐದೂ ಗೇರು ಬಿದ್ದು, ಕನ್ವರ್ಟರ್ ಲಾಕ್ ಆಗುವ ವೇಗದಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ, ಬಂದು ರಿವರ್ಸ್ ಎರಡು ಮೂರು ಸಲ ಹಾಕಿ, ಮತ್ತೆ ಇಳಿಸಿ. ಹಿಂದೆ ಯಾವಾಗ ಬದಲಾಯಿಸಿದ್ದೆಂದೇ ಗೊತ್ತಿಲ್ಲದ, ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಮಾತ್ರ ನಾನು ಮೂರನ್ನೂ ಒಂದೇ ದಿನ ಮಾಡುವುದಿಲ್ಲ. ಒಂದು ಸಲ ಮಾಡಿ ಸಾವಿರ ಕಿಲೋಮೀಟರ್ ಓಡಿಸಿ, ಬೋಲ್ಟಿನ ಅಯಸ್ಕಾಂತ ನೋಡಿ, ಆಮೇಲೆ ಎರಡನೆಯದು. ಹೊಸ ಆಯಿಲ್‌ನ ತೊಳೆಯುವ ಗುಣದಿಂದ ಸಡಿಲವಾಗುವ ಕೆಸರು ಕಂತುಕಂತಾಗಿ ಹೊರಬರಲಿ.

ಯಂತ್ರ ಕಟ್ಟಿ ಒತ್ತಡದಲ್ಲಿ ಫ್ಲಶ್ ಮಾಡುತ್ತೇವೆ ಎನ್ನುವವರಿಗೆ ಈ ಗೇರ್‌ಬಾಕ್ಸ್ ಕೊಡಬೇಡಿ. ಫಿಲ್ಟರ್ ತೆಗೆಯಲಾಗದ ಪೆಟ್ಟಿಗೆಯಲ್ಲಿ ಕದಡಿದ ಕೆಸರು ಹೋಗುವುದು ಸೊಲೆನಾಯ್ಡಿಗೇ. ಹೋಂಡಾ ಹೇಳುವುದೂ ಇಳಿಸು–ತುಂಬು ಕ್ರಮವನ್ನೇ. ಕೂಲರ್ ಹೋಸ್ ಬಿಚ್ಚಿ, ಎಂಜಿನ್ ಓಡಿಸಿ, ಪಂಪಿನಿಂದಲೇ ಹಳೆಯದನ್ನು ಹೊರಹಾಕುವ ಉಪಾಯವೂ ಇದೆ. ಒಬ್ಬರು ಹೊಸದನ್ನು ಸುರಿಯುವುದೋ ಇನ್ನೊಬ್ಬರು ಎಂಜಿನ್ ಆರಿಸುವುದೋ ಕೆಲವೇ ಸೆಕೆಂಡ್ ತಡವಾದರೆ ಪಂಪು ಒಣಗಿ ಓಡುತ್ತದೆ. ಉಳಿಯುವ ಒಂದೆರಡು ಲೀಟರಿಗಾಗಿ ಆ ಅಪಾಯ ನನಗೆ ಒಪ್ಪಿಗೆಯಿಲ್ಲ.

ಮೂರನೆಯ ಸಲದ ನಂತರ ಆದ ಬದಲಾವಣೆ ಇಷ್ಟು. ಬೆಳಗಿನ ತಂಪಿನಲ್ಲಿ ಒಂದರಿಂದ ಎರಡಕ್ಕೆ ಬೀಳುವಾಗಿನ ಎಳೆತ ಹೋಯಿತು. ಲಾಕ್-ಅಪ್ ನಡುಕ ಎರಡನೆಯ ಸಲದ ನಂತರವೇ ನಿಂತಿತು. ಒಂದು ಗಂಟೆ ಟ್ರಾಫಿಕ್ಕಿನಲ್ಲಿ ನಿಂತ ಮೇಲೂ ‘ಡಿ’ ಹಿಡಿಯುವುದು ಬೆಳಗಿನಷ್ಟೇ ಮೃದು. ಮೈಲೇಜಿನಲ್ಲಿ ಅಳೆದು ತೋರಿಸುವಂಥ ವ್ಯತ್ಯಾಸವಿಲ್ಲ, ಅದನ್ನು ನಿರೀಕ್ಷಿಸಿ ಖರ್ಚು ಮಾಡಬೇಡಿ. ನಡುಕ ಹೋಗದಿದ್ದರೆ, ಪಿ0741 ಕೋಡ್ ಬಂದರೆ, ಲಾಕ್-ಅಪ್ ಕ್ಲಚ್ಚೋ ಅದರ ಸೊಲೆನಾಯ್ಡೋ ಸವೆದಿದೆ. ಗೇರು ಗಡುಸಾಗಿ ಬೀಳುವುದು ಉಳಿದಿದ್ದರೆ ಕ್ಲಚ್ಚುಗಳ ಒತ್ತಡ ಸ್ವಿಚ್ಚುಗಳನ್ನು ಪರೀಕ್ಷಿಸಿ. ಹೊರಗಿನಿಂದಲೇ ಬಿಚ್ಚಿ ಬದಲಾಯಿಸಬಹುದಾದ ಸಣ್ಣ ಭಾಗಗಳವು.

ಒಂದು ವಾರದ ನಂತರ ಬೋಲ್ಟಿನ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ, ಮಟ್ಟವನ್ನು ಇನ್ನೊಮ್ಮೆ ಟೈಮರ್ ಇಟ್ಟು ನೋಡಿ. ಮುಂದೆ ಪ್ರತಿ 40,000 ಕಿಲೋಮೀಟರಿಗೆ ಒಂದೇ ಒಂದು ಸಲ 2.4 ಲೀಟರ್ ಇಳಿಸಿ ತುಂಬುವುದು ನನ್ನ ಪದ್ಧತಿ. ಮೊದಲ ಸಲ ಮೂರು ಬಾರಿ ಮಾಡಿದ್ದರೆ ಆಮೇಲೆ ಅಷ್ಟು ಸಾಕು. ಇಳಿದ ಏಳು ಲೀಟರ್ ಹಳೆಯ ಆಯಿಲ್ಲನ್ನು ಖಾಲಿಯಾದ ಡಬ್ಬಿಗಳಿಗೇ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. 2016ರ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಚರಂಡಿಗೂ ಬೇಡ, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವುದೂ ಬೇಡ.

ಬಾನೆಟ್ಟಿನ ಒಳಬದಿಯಲ್ಲಿ, ಡಿಪ್‌ಸ್ಟಿಕ್ಕಿನ ಹತ್ತಿರ, ನೀರಿಗೆ ಅಳಿಸದ ಶಾಯಿಯಲ್ಲಿ ಒಂದು ಚೀಟಿ ಅಂಟಿಸಿದ್ದೇನೆ. ಆಯಿಲ್‌ನ ಪೂರ್ತಿ ಹೆಸರು, ಮೂರು ಸಲದ ತಾರೀಕು, ಪ್ರತಿ ಸಲ ಇಳಿದದ್ದು ಮತ್ತು ಹಾಕಿದ್ದು ಎಷ್ಟು, ಓಡೋಮೀಟರ್ ಅಂಕಿ, ಮತ್ತು ಕೆಳಗೆ ದಪ್ಪಕ್ಷರದಲ್ಲಿ: ಎಂಜಿನ್ ಆರಿಸಿ 60ರಿಂದ 90 ಸೆಕೆಂಡಿನೊಳಗೆ ಮಟ್ಟ ನೋಡುವುದು.